ಹಾಡಿಗೂ ಅಕ್ಷರ ಉಂಟು

ಗಂಡಸಿ ಕಡೆ ಊರುಗಳಲ್ಲಿ ಪೌರಾಣಿಕ ನಾಟಕ ಕಟ್ಟುವಾಗ ಮೊದಲು ಯಾರನ್ನು ಕರೆಸುತ್ತಾರೆ? ಭೀಮನ ಪಾತ್ರದವರನ್ನಲ್ಲ. ದುರ್ಯೋಧನನ ಪಾತ್ರದವರನ್ನೂ ಅಲ್ಲ. ಮೊದಲು ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುತ್ತಾರೆ.

ರಾತ್ರಿ ಊಟ ಆದ ಮೇಲೆ ಅಭ್ಯಾಸ ಶುರುವಾಗುತ್ತದೆ. ಗುಡಿಯ ಮುಂದೆ ಚಾಪೆ ಹಾಸುತ್ತಾರೆ. ಹಗಲೆಲ್ಲ ತೆಂಗಿನಕಾಯಿ ಸುಲಿದ ಕೈ ಈಗ ಗದೆ ಹಿಡಿಯುತ್ತದೆ. ಮೇಷ್ಟ್ರು ಪೆಟ್ಟಿಗೆಯ ತಿದಿ ಒತ್ತುತ್ತಾರೆ. "ಕಪ್ಪು ಎರಡು ಶ್ರುತಿ. ಹೂಂ, ಎತ್ಕೊಳ್ಳಪ್ಪ" ಅನ್ನುತ್ತಾರೆ. ಕಂದ ಪದ್ಯವಾಗಲಿ, ಮಟ್ಟಿನ ಹಾಡಾಗಲಿ, ಎಲ್ಲ ಅವರ ಬೆರಳ ತುದಿಯಲ್ಲಿ ಇರುತ್ತದೆ.

ಇಂಥ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಯಾವ ಸಂಗೀತ ಶಾಲೆಯ ಬಾಗಿಲನ್ನೂ ತುಳಿದವರಲ್ಲ. ಯಾರದೋ ಪಕ್ಕ ಕೂತು ನೋಡಿದರು. ಕೇಳಿದರು. ಪೆಟ್ಟಿಗೆ ಸಿಕ್ಕಾಗ ಬೆರಳಾಡಿಸಿದರು. ಹಾಗೇ ಬಂತು. ಭಜನೆ ಮೇಳದಲ್ಲಿ ತಾಳ ಹಾಕುವವರೂ ಹಾಗೆಯೇ. ಸೋಬಾನೆ ಹೇಳುವ ಅಕ್ಕಂದಿರೂ ಹಾಗೆಯೇ. ಕಿವಿಯೇ ಇವರ ಶಾಲೆ.

ಹೀಗೆ ಕಲಿತವರಿಗೆ ಒಂದು ವಯಸ್ಸು ಬಂದ ಮೇಲೆ ಒಂದು ಆಸೆ ಹುಟ್ಟುತ್ತದೆ. ಇಷ್ಟು ದಿನ ಬೇರೆಯವರು ಕಟ್ಟಿದ್ದನ್ನು ಹಾಡಿದೆ, ನುಡಿಸಿದೆ. ನನ್ನದೇ ಒಂದು ಹಾಡು ಕಟ್ಟಬಾರದೇಕೆ? ಮೊಮ್ಮಗಳ ಮದುವೆಗೆ ಒಂದು ಸೋಬಾನೆ. ಊರ ದೇವರ ಮೇಲೆ ಒಂದು ಪದ. ನಾಟಕದಲ್ಲಿ ಒಂದು ಹೊಸ ಧಾಟಿ.

ಆಸೆ ಹುಟ್ಟಿದ ಮರುಗಳಿಗೆಯಲ್ಲೇ ನಾಚಿಕೆಯೂ ಹುಟ್ಟುತ್ತದೆ. "ಅಯ್ಯೋ, ಈ ವಯಸ್ಸಲ್ಲಿ ನಂಗ್ಯಾಕೆ ಮೇಷ್ಟ್ರೇ? ಯಾರಾದ್ರೂ ಕೇಳಿದ್ರೆ ನಗ್ತಾರೆ." ಅಕ್ಷರ ಕಲಿಯಲು ಬಂದ ಮೊದಲ ದಿನ ನೀವೂ ಇದೇ ಮಾತು ಹೇಳಿರಬಹುದು. ಸ್ಲೇಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿರಬಹುದು.

ಈ ಪಾಠ ಆ ನಾಚಿಕೆಯ ಬಗ್ಗೆ. ಹಾಡನ್ನು ಬರೆದಿಡುವ ಬಗೆಯನ್ನೂ ಇದರಲ್ಲಿ ಹೇಳಿದೆ.

ಪಕ್ಕದ ತಾಲ್ಲೂಕಿನ ಒಬ್ಬರು

ಗಂಡಸಿ ಇರುವುದು ಅರಸೀಕೆರೆ ತಾಲ್ಲೂಕಿನಲ್ಲಿ. ಅದರ ಪಕ್ಕದ ತಾಲ್ಲೂಕು ಚನ್ನರಾಯಪಟ್ಟಣ. ಅಲ್ಲಿ 1939ರ ಡಿಸೆಂಬರ್ 29ರಂದು ಒಂದು ಗಂಡು ಮಗು ಹುಟ್ಟಿತು. ಹೆಸರು ಅಶ್ವಥ್. ಮುಂದೆ ಸಿ. ಅಶ್ವಥ್ ಎಂದು ಇಡೀ ಕರ್ನಾಟಕಕ್ಕೆ ಗೊತ್ತಾದವರು ಇವರೇ.

ಅಶ್ವಥ್ ಹಾಡುಗಾರಿಕೆಯನ್ನು ಗುರುಗಳ ಹತ್ತಿರವೇ ಕಲಿತರು. ದೇವಗಿರಿ ಶಂಕರ ಜೋಶಿ ಅವರು ಹಿಂದೂಸ್ತಾನಿ ಸಂಗೀತ ಹೇಳಿಕೊಟ್ಟರು. ಆದ್ದರಿಂದ ಇವರು ಪೂರ್ತಿ ತಾನೇ ಕಲಿತವರು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಾಡುವುದು ಬೇರೆ, ಧಾಟಿ ಕಟ್ಟುವುದು ಬೇರೆ. ಈಜು ಬಲ್ಲವರೆಲ್ಲ ದೋಣಿ ಮಾಡಲು ಬಲ್ಲರೇನು? ಕವಿ ಬರೆದ ಸಾಲಿಗೆ ಧಾಟಿ ಹಚ್ಚುವುದನ್ನು ಮಾಡಿ ಮಾಡಿಯೇ ಕಲಿಯಬೇಕು. ಕಟ್ಟಬೇಕು, ಹಾಡಿ ನೋಡಬೇಕು, ಸರಿ ಬಾರದಿದ್ದರೆ ಕೆಡವಬೇಕು.

ಹೊಟ್ಟೆಪಾಡಿಗೆ ಅಶ್ವಥ್ ಏನು ಮಾಡುತ್ತಿದ್ದರು? ಬೆಂಗಳೂರಿನಲ್ಲಿ ಐ.ಟಿ.ಐ. ಎಂಬ ಸರ್ಕಾರಿ ಕಾರ್ಖಾನೆ ಇದೆ. ಟೆಲಿಫೋನ್ ತಯಾರಿಸಲು 1948ರಲ್ಲಿ ಶುರುವಾದ ಕಾರ್ಖಾನೆ ಅದು. ಅದಕ್ಕೇ ಆ ಬಡಾವಣೆಗೆ ದೂರವಾಣಿ ನಗರ ಎಂದು ಹೆಸರು. ಅಶ್ವಥ್ ಅಲ್ಲಿ 27 ವರ್ಷ ದುಡಿದರು. ಹಗಲು ಕಾರ್ಖಾನೆ, ಉಳಿದ ಹೊತ್ತು ಸಂಗೀತ. ನಾಟಕಗಳಿಗೆ ಸಂಗೀತ ಕೊಟ್ಟರು. ಮಾಸ್ತಿಯವರ 'ಕಾಕನಕೋಟೆ' ನಾಟಕ ಸಿನಿಮಾ ಆದಾಗ ಅದರ ಸಂಗೀತವೂ ಇವರದೇ. ಆಗ ಅವರ ವಯಸ್ಸು ಮೂವತ್ತೈದು ದಾಟಿತ್ತು.

ಕಾರ್ಖಾನೆಯ ಕೆಲಸ ಮುಗಿದದ್ದು 1992ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ಐವತ್ತರ ವಯಸ್ಸಿನಲ್ಲಿ, 'ಸಂತ ಶಿಶುನಾಳ ಷರೀಫ' ಸಿನಿಮಾಕ್ಕೆ ಸಂಗೀತ ಕೊಟ್ಟರು. ಕೆಲಸ ಬಿಟ್ಟ ವರ್ಷವೇ 'ಮೈಸೂರು ಮಲ್ಲಿಗೆ' ಸಿನಿಮಾ ಬಂತು. ಕೆ.ಎಸ್. ನರಸಿಂಹಸ್ವಾಮಿ ಅವರ ಕವನಗಳಿಗೆ ಧಾಟಿ ಇವರದು. ಆ ಕವನಗಳ ಪುಸ್ತಕ ಅಚ್ಚಾದದ್ದು 1942ರಲ್ಲಿ. ಪುಸ್ತಕ ಓದಲು ಬಾರದವರೂ ಧಾಟಿಯ ದೆಸೆಯಿಂದ ಆ ಕವನಗಳನ್ನು ಹಾಡಿಕೊಂಡರು.

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆಯಿತು. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು ಎಂದು ಪತ್ರಿಕೆಗಳು ಬರೆದವು. ಆಗ ಅಶ್ವಥ್‌ಗೆ 65 ವರ್ಷ. ಊರ ಕಡೆ ಅರವತ್ತೈದು ಅಂದರೆ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುವ ವಯಸ್ಸು.

2009ರ ಡಿಸೆಂಬರ್ 29ರಂದು ಅವರು ತೀರಿಕೊಂಡರು. ಅಂದು ಅವರ ಹುಟ್ಟಿದ ದಿನ. ಸರಿಯಾಗಿ ಎಪ್ಪತ್ತು ತುಂಬಿತ್ತು. ಕವಿ ಕುವೆಂಪು ಹುಟ್ಟಿದ್ದೂ ಅದೇ ತಾರೀಖಿನಲ್ಲಿ.

ಷರೀಫರ ಮಾತು

ಅಶ್ವಥ್ ಧಾಟಿ ಹಚ್ಚಿದ ಪದಗಳಲ್ಲಿ ಜನ ಬಹಳ ಮೆಚ್ಚಿದ್ದು ಶಿಶುನಾಳ ಷರೀಫರ ಪದಗಳನ್ನು. ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡಿದ್ದು 1889ರಲ್ಲಿ. ಅವರ ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಮುಸ್ಲಿಂ ಮನೆಯಲ್ಲಿ ಹುಟ್ಟಿದವರು. ಬ್ರಾಹ್ಮಣರಾದ ಗೋವಿಂದ ಭಟ್ಟರನ್ನು ಗುರುಗಳೆಂದು ಒಪ್ಪಿಕೊಂಡವರು. ಕೆಲಕಾಲ ಶಾಲೆ ಮೇಷ್ಟ್ರೂ ಆಗಿದ್ದರು.

ಅವರು ಯಾವುದರ ಮೇಲೆ ಪದ ಕಟ್ಟಿದರು ಗೊತ್ತೇ? ಮಳೆಗಾಲದಲ್ಲಿ ಸೋರುವ ಮನೆಯ ಮೇಲೆ. ಗಂಡನ ಮನೆಗೆ ಹೊರಟು ಅಳುವ ತಂಗಿಯ ಮೇಲೆ. ನುಡಿಸಲು ಬಾರದವನ ಕೈಯ ತಂಬೂರಿಯ ಮೇಲೆ. ಕಣ್ಣಿಗೆ ಕಂಡದ್ದೇ ಪದ. ಅದರ ಒಳಗೆ ದೊಡ್ಡ ತತ್ವ ಇಟ್ಟರು, ನಿಜ. ಆದರೆ ಶುರು ಮಾಡಿದ್ದು ಮನೆಯ ಮಾಡಿನಿಂದ. ಹಾಡು ಕಟ್ಟಲು ಹೊರಡುವವರು ಇದನ್ನು ಗಮನಿಸಬೇಕು. ಎಷ್ಟೋ ಜನ ಕಟ್ಟಲು ಕೂತ ಕೂಡಲೇ "ಹೇ ಪರಮಾತ್ಮ, ಹೇ ಜಗದೊಡೆಯ" ಅಂತ ಶುರು ಮಾಡುತ್ತಾರೆ. ಎರಡನೆಯ ಸಾಲಿಗೆ ಸರಕು ಖಾಲಿ!

ಷರೀಫರ ಪದಗಳು ಮೊದಲು ಉಳಿದದ್ದು ಜನರ ಬಾಯಲ್ಲಿ. ಬಾಯಿಂದ ಬಾಯಿಗೆ ಹೋಗುವಾಗ ಧಾಟಿ ಬದಲಾಗುತ್ತದೆ. ಅವರ ಗಂಟಲು ಹೇಗಿತ್ತು ಅಂತ ತಿಳಿಯಲು ಈಗ ದಾರಿ ಇಲ್ಲ. ನಮ್ಮ ದೇಶದಲ್ಲಿ ಹಾಡು ಮೊದಲ ಸಲ ಗ್ರಾಮಫೋನ್ ತಟ್ಟೆಗೆ ಹತ್ತಿದ್ದು 1902ರಲ್ಲಿ, ಕಲ್ಕತ್ತದಲ್ಲಿ. ಅಷ್ಟು ಹೊತ್ತಿಗೆ ಷರೀಫರು ಹೋಗಿ ಹದಿಮೂರು ವರ್ಷ ಆಗಿತ್ತು. ಸುಮಾರು ನೂರು ವರ್ಷ ಆದ ಮೇಲೆ ಅಶ್ವಥ್ ಹೊಸ ಧಾಟಿ ಕಟ್ಟಿದರು. ಧಾಟಿ ಚೆನ್ನಾಗಿದೆ. ಆದರೆ ಅದು ಅಶ್ವಥ್ ಅವರ ಧಾಟಿ.

ಇಲ್ಲಿ ಎರಡು ಕೆಲಸ ಇದೆ ಅನ್ನುವುದನ್ನು ನೋಡಿ. ಮಾತು ಕಟ್ಟುವುದು ಒಂದು. ಧಾಟಿ ಕಟ್ಟುವುದು ಇನ್ನೊಂದು. ಕೆಲವರಿಗೆ ಎರಡೂ ಬರುತ್ತದೆ. ಅಶ್ವಥ್ ಬಹಳ ಮಟ್ಟಿಗೆ ಬೇರೆಯವರ ಮಾತಿಗೆ ಧಾಟಿ ಕಟ್ಟಿದರು. ನಿಮಗೆ ಮಾತು ಬಾರದಿದ್ದರೆ ಚಿಂತೆಯಿಲ್ಲ. ಮಾತು ಬರುವ ನೆಂಟರು ಊರಲ್ಲೇ ಸಿಗುತ್ತಾರೆ.

ಕಲ್ಲಿನ ಮೇಲಿನ ಹೆಸರು

ನಮ್ಮ ಜಿಲ್ಲೆಯ ಬೇಲೂರಿಗೆ ನೀವು ಹೋಗಿರಬಹುದು. ಚೆನ್ನಕೇಶವ ದೇವಸ್ಥಾನವನ್ನು ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ. ಅಲ್ಲಿ ಕಲ್ಲಿನ ಮದನಿಕೆಯರು ಕುಣಿಯುತ್ತಾರೆ. ಅವರ ಕಾಲ ಬಳಿ ಪುಟ್ಟ ಪುಟ್ಟ ಆಳುಗಳು ಮದ್ದಳೆ ಬಾರಿಸುತ್ತಾರೆ.

ಅಲ್ಲಿ ಕೆಲವು ವಿಗ್ರಹಗಳ ಕೆಳಗೆ ಅಕ್ಷರ ಕೆತ್ತಿದೆ. ಅದು ಶಿಲ್ಪಿಗಳ ಹೆಸರು. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಒಂಬೈನೂರು ವರ್ಷ ಕಳೆದರೂ ಈ ಕೆಲಸ ಇವರದು ಅಂತ ನಾವು ಹೇಳಬಲ್ಲೆವು. ಯಾಕೆ? ಹೆಸರನ್ನು ಬರಹದಲ್ಲಿ ಇಟ್ಟರು.

ಆ ಮದನಿಕೆ ಯಾವ ಹಾಡಿಗೆ ಕುಣಿದಳು? ಮದ್ದಳೆಯವನು ಯಾವ ಗತಿ ಬಾರಿಸಿದ? ಆ ಹಾಡು ಕಟ್ಟಿದವರು ಯಾರು? ಕಲ್ಲಿನಲ್ಲಿ ಕೈ ಇದೆ, ಮದ್ದಳೆ ಇದೆ. ಸದ್ದು ಮಾತ್ರ ಇಲ್ಲ.

ನಮ್ಮ ಊರಿನ ಸೋಬಾನೆ ಹಾಡುಗಳದ್ದೂ ಇದೇ ಕತೆ ಆಗುತ್ತಿದೆ. ಅಜ್ಜಿ ಹೋದರೆ ಅವಳ ಜೊತೆ ಐವತ್ತು ಹಾಡು ಹೋಯಿತು. ಹಾರ್ಮೋನಿಯಂ ಮೇಷ್ಟ್ರು ಹೋದರೆ ಅವರ ಮಟ್ಟು ಹೋಯಿತು. ಉಳಿದರೂ ಇನ್ಯಾರದೋ ಹೆಸರಲ್ಲಿ ಉಳಿಯಿತು.

"ಈಗ ಮೊಬೈಲ್ ಇದೆಯಲ್ಲ, ಅದರಲ್ಲಿ ಹಿಡಿದರೆ ಸಾಲದೇ?" ಅಂತ ಕೇಳುತ್ತೀರಿ. ಹಿಡಿಯಿರಿ. ಖಂಡಿತ ಹಿಡಿಯಿರಿ. ಆದರೆ ಮೊಬೈಲ್ ನೀರಿಗೆ ಬೀಳುತ್ತದೆ. ಮೊಮ್ಮಗ ಅಳಿಸಿ ಆಟ ತುಂಬಿಕೊಳ್ಳುತ್ತಾನೆ. ಅದೂ ಅಲ್ಲದೆ ಕಟ್ಟುವವರಿಗೆ ಕಣ್ಣ ಮುಂದೆ ಹಾಡು ಕಾಣಬೇಕು. ಎಲ್ಲಿ ಒಂದು ಎಣಿಕೆ ಹೆಚ್ಚಾಯಿತು, ಎಲ್ಲಿ ಕಡಿಮೆ ಬಿತ್ತು, ಇದು ಕಾಗದದ ಮೇಲೆ ಬೇಗ ತಿಳಿಯುತ್ತದೆ. ತಿದ್ದುವುದೂ ಸುಲಭ. ಎರಡನ್ನೂ ಮಾಡಿ ಅನ್ನುವುದೇ ನಮ್ಮ ಮಾತು.

ಸಂಗೀತದ ಅಕ್ಷರ ಏಳೇ

ಕನ್ನಡದಲ್ಲಿ ಎಷ್ಟು ಅಕ್ಷರ ಕಲಿತಿರಿ? ಐವತ್ತರ ಹತ್ತಿರ. ಜೊತೆಗೆ ಕಾಗುಣಿತ, ಒತ್ತಕ್ಷರ. ಅಷ್ಟು ಕಷ್ಟ ಪಟ್ಟವರಿಗೆ ಸಂಗೀತದ ಅಕ್ಷರ ಏನೂ ಅಲ್ಲ. ಅಲ್ಲಿ ಇರುವುದು ಏಳೇ.

ಸ ರಿ ಗ ಮ ಪ ದ ನಿ

ಇವನ್ನು ಸ್ವರ ಅನ್ನುತ್ತಾರೆ. ನೋಡಿ, ಏಳರಲ್ಲಿ ನಿಮಗೆ ಗೊತ್ತಿಲ್ಲದ ಅಕ್ಷರ ಒಂದೂ ಇಲ್ಲ. ಸುಮಾರು ಐನೂರು ವರ್ಷಗಳ ಹಿಂದೆ ಪುರಂದರದಾಸರು ಮಕ್ಕಳಿಗೆ ಕಲಿಸಲು ಸರಳೆ ವರಸೆ ಮಾಡಿದರು ಅನ್ನುತ್ತಾರೆ. ಅದು ಈ ಸ್ವರಗಳ ಕಾಗುಣಿತ ಇದ್ದ ಹಾಗೆ. ಪುರಂದರದಾಸರೂ ಹುಟ್ಟುತ್ತಲೇ ದಾಸರಲ್ಲ. ಮೊದಲು ವ್ಯಾಪಾರ ಮಾಡಿಕೊಂಡಿದ್ದರು. ಸಂಸಾರವಂದಿಗರಾದ ಮೇಲೆ ದಾಸರಾದರು ಎಂದು ಪರಂಪರೆ ಹೇಳುತ್ತದೆ.

ಈಗ ಹಾರ್ಮೋನಿಯಂ ಹತ್ತಿರ ಬನ್ನಿ. (ಒಂದು ಮಾತು. ಈ ಪೆಟ್ಟಿಗೆಗೂ ಅವಮಾನ ಆಗಿದೆ. 1940ರಿಂದ ಸುಮಾರು ಮೂವತ್ತು ವರ್ಷ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನುಡಿಸಬಾರದು ಎಂದು ನಿಷೇಧ ಇತ್ತು. ನಮ್ಮ ನಾಟಕದವರು ಮಾತ್ರ ಅದನ್ನು ಬಿಡಲಿಲ್ಲ.)

ಹಾರ್ಮೋನಿಯಂನಲ್ಲಿ ಬಿಳಿ ಮನೆ, ಕಪ್ಪು ಮನೆ ಇವೆ. ಕಪ್ಪು ಮನೆಗಳು ಒಂದು ಕಡೆ ಎರಡೆರಡು, ಇನ್ನೊಂದು ಕಡೆ ಮೂರು ಮೂರು ಗುಂಪಾಗಿ ಇವೆ. ಎರಡು ಕಪ್ಪು ಮನೆ ಜೊತೆಗಿರುವ ಕಡೆ ನೋಡಿ. ಆ ಜೋಡಿಯ ಎಡಗಡೆ ತಾಗಿ ಇರುವ ಬಿಳಿ ಮನೆಯನ್ನು 'ಸ' ಎಂದು ಇಟ್ಟುಕೊಳ್ಳಿ. ಅದರ ಬಲಕ್ಕೆ ಬಿಳಿ ಮನೆಯಲ್ಲೇ ಸಾಗಿ. ಎರಡನೆಯದು ರಿ. ಮೂರನೆಯದು ಗ. ನಾಲ್ಕನೆಯದು ಮ. ಐದನೆಯದು ಪ. ಆರನೆಯದು ದ. ಏಳನೆಯದು ನಿ. ಎಂಟನೆಯದು ಮತ್ತೆ ಸ, ಆದರೆ ಮೇಲಿನ ಸ. ಬರೆಯುವಾಗ ಮೇಲಿನ ಸ್ವರಕ್ಕೆ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಾರೆ. ಕೆಳಗಿನದಕ್ಕೆ ಕಾಲ ಬಳಿ ಚುಕ್ಕೆ.

ಕಪ್ಪು ಮನೆ ಮುಟ್ಟಿದರೆ ಅದೇ ರಿ, ಗ, ಮ, ದ, ನಿ ಸ್ವಲ್ಪ ಏರುತ್ತವೆ, ಇಲ್ಲವೇ ಇಳಿಯುತ್ತವೆ. ಎಲ್ಲ ಸೇರಿ ಹನ್ನೆರಡು ಮನೆ. ಸದ್ಯಕ್ಕೆ ಕಪ್ಪಿನ ಸಹವಾಸ ಬೇಡ.

ಮೊದಲ ಹಾಡಿಗೆ ಏಳು ಸ್ವರವೂ ಬೇಕಿಲ್ಲ. ಮ ಮತ್ತು ನಿ ಬಿಟ್ಟುಬಿಡಿ. ಸ ರಿ ಗ ಪ ದ, ಈ ಐದು ಸಾಕು. ಈ ಐದರ ರಾಗಕ್ಕೆ ಮೋಹನ ಎಂದು ಹೆಸರು. ಐದು ಮನೆಯಲ್ಲಿ ಹೇಗೆ ಬೆರಳಾಡಿಸಿದರೂ ಕಿವಿಗೆ ಕೆಟ್ಟದಾಗಿ ಕೇಳುವುದು ಕಡಿಮೆ. ಹೊಸಬರಿಗೆ ಇದಕ್ಕಿಂತ ಧೈರ್ಯ ಬೇಕೇ?

ಇನ್ನು ಎಣಿಕೆ. ಕೋಲಾಟದಲ್ಲಿ ಕೋಲು ಹಾಕುತ್ತೀರಲ್ಲ, ಹಾಗೆಯೇ ಚಪ್ಪಾಳೆ ಹಾಕಿ. ಒಂದು ಚಪ್ಪಾಳೆಯಿಂದ ಇನ್ನೊಂದು ಚಪ್ಪಾಳೆಯೊಳಗೆ ಮನಸ್ಸಿನಲ್ಲೇ ನಾಲ್ಕು ಎಣಿಸಿ. ಪ್ರತಿ ನಾಲ್ಕು ಮುಗಿದಾಗ ಒಂದು ಅಡ್ಡಗೆರೆಯ ಬದಲು ನೆಟ್ಟಗೆರೆ ಹಾಕಿ. ಸಾಲು ಮುಗಿದಾಗ ಎರಡು ಗೆರೆ ಹಾಕಿ. ಒಂದು ಸ್ವರವನ್ನು ಇನ್ನೂ ಒಂದು ಎಣಿಕೆ ಎಳೆಯಬೇಕಾದರೆ ಅದರ ಮುಂದೆ ಅಲ್ಪವಿರಾಮ ಇಡಿ. ಎರಡು ಎಣಿಕೆ ಎಳೆಯಬೇಕಾದರೆ ಎರಡು ಅಲ್ಪವಿರಾಮ.

ಒಂದು ಸಾಲು ಮಾಡಿ ನೋಡೋಣ. ಮಾತು ಇದು: ತೆಂಗಿನ ತೋಟಕೆ ಮಳೆ ಬಂತು.

ಸ , ರಿ ಗ | ಪ , ಗ ರಿ | ಗ ಪ ದ , | ಪ , , , ||
ತೆಂ , ಗಿ ನ | ತೋ , ಟ ಕೆ | ಮ ಳೆ ಬಂ , | ತು , , , ||

ಮೇಲಿನ ಸಾಲು ಧಾಟಿ. ಕೆಳಗಿನ ಸಾಲು ಮಾತು. ಬೆರಳಿಟ್ಟು ನಿಧಾನವಾಗಿ ಓದಿ. 'ತೆಂ' ಮತ್ತು 'ತೋ' ಅಕ್ಷರಕ್ಕೆ ಎರಡು ಎಣಿಕೆ ಸಿಕ್ಕಿದೆ. 'ಗಿ', 'ನ' ಇವಕ್ಕೆ ಒಂದೊಂದು. ಯಾಕೆ ಹೀಗೆ? ಮಾತಾಡುವಾಗಲೂ ನಾವು ಸೊನ್ನೆ ಇರುವ ಅಕ್ಷರವನ್ನೂ ದೀರ್ಘ ಇರುವ ಅಕ್ಷರವನ್ನೂ ಹೆಚ್ಚು ಹೊತ್ತು ಹೇಳುತ್ತೇವೆ. ಹಾಡು ಮಾತಿನ ಈ ನಡಿಗೆಯನ್ನು ಕೆಡಿಸಬಾರದು. 'ಮಳೆ' ಅನ್ನುವುದನ್ನು 'ಮಾಳೆ' ಅಂತ ಎಳೆದರೆ ಕೇಳಿದವರು ನಗುತ್ತಾರೆ. ಅಶ್ವಥ್ ಹಾಡಿದ್ದನ್ನು ಇನ್ನೊಮ್ಮೆ ಕೇಳಿ. ಎಷ್ಟು ಜೋರಾಗಿ ಹಾಡಿದರೂ ಮಾತು ಮಾತಾಗಿಯೇ ಕೇಳುತ್ತದೆ.

ಸ್ವರ ಎಲ್ಲಿಗೆ ಹೋಯಿತು ಅಂತಲೂ ನೋಡಿ. 'ಬಂತು' ಅನ್ನುವಲ್ಲಿ ದ ತನಕ ಏರಿತು. ಮಳೆ ಬಂದರೆ ದನಿ ಏರಬೇಕಲ್ಲವೇ! ಸಾಲಿನ ಕೊನೆ ಪ ಮೇಲೆ ನಿಂತಿದೆ. ಪ ಮೇಲೆ ನಿಂತರೆ ಮಾತು ಇನ್ನೂ ಇದೆ ಅನ್ನಿಸುತ್ತದೆ. ಸ ಮೇಲೆ ನಿಂತರೆ ಮನೆಗೆ ಬಂದ ಹಾಗೆ, ಮುಗಿಯಿತು ಅನ್ನಿಸುತ್ತದೆ.

ಹಾಡಿನ ಹಕ್ಕು ಯಾರದು?

ನೀವು ಕಟ್ಟಿದ ಧಾಟಿಯನ್ನು ಯಾರೋ ಕೇಳಿಕೊಂಡು ಹೋದರು. ತಮ್ಮ ಹೆಸರಲ್ಲಿ ಹಾಡಿ ದುಡ್ಡು ಮಾಡಿದರು. ಕೇಳುವ ಹಾಗಿದೆಯೇ?

ನಮ್ಮ ದೇಶದಲ್ಲಿ 1957ರಿಂದ ಕೃತಿಸ್ವಾಮ್ಯ ಕಾಯ್ದೆ ಇದೆ. ಕೃತಿಸ್ವಾಮ್ಯ ಅಂದರೆ ಕಟ್ಟಿದವರಿಗೆ ತಮ್ಮ ಕೃತಿಯ ಮೇಲೆ ಇರುವ ಹಕ್ಕು. ಹಾಡಿನ ಮಾತಿಗೆ ಒಂದು ಹಕ್ಕು, ಧಾಟಿಗೆ ಬೇರೆ ಹಕ್ಕು. ಆದರೆ ಮೊದಲಿನ ಕಾಯ್ದೆಯಲ್ಲಿ ಒಂದು ಕೊಕ್ಕೆ ಇತ್ತು. ಧಾಟಿಯನ್ನು ಬರೆದೋ ಅಚ್ಚು ಹಾಕಿಯೋ ಇಟ್ಟಿದ್ದರೆ ಮಾತ್ರ ಅದು ಕಾನೂನಿನ ಕಣ್ಣಿಗೆ ಸಂಗೀತ ಕೃತಿ. ಬರೆಯಲು ಬಾರದ ಹಾಡುಗಾರ ಎಷ್ಟೇ ಚೆನ್ನಾಗಿ ಕಟ್ಟಿದರೂ ಲೆಕ್ಕಕ್ಕಿಲ್ಲ. ಹಾಡಿನ ನಾಡಿಗೆ ಎಂಥ ಕಾಯ್ದೆ ನೋಡಿ!

1994ರ ತಿದ್ದುಪಡಿಯಲ್ಲಿ ಇದು ಸರಿಯಾಯಿತು. ಸ್ವರ ಹಾಕಿ ಬರೆದಿರಲಿ, ಬರೆಯದೇ ಇರಲಿ, ಧಾಟಿ ಕಟ್ಟಿದವರೇ ಸಂಗೀತ ಸಂಯೋಜಕರು ಎಂದು ಕಾಯ್ದೆ ಈಗ ಹೇಳುತ್ತದೆ. ಕಟ್ಟಿದವರು ಬದುಕಿರುವವರೆಗೂ ಈ ಹಕ್ಕು ಇರುತ್ತದೆ. ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆಗ ಅದು ಅವರ ವಾರಸುದಾರರಿಗೆ ಸೇರುತ್ತದೆ. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಹಳೆಯ ಜನಪದ ಹಾಡುಗಳ ಮಾತು ಬೇರೆ. ಅವು ಎಲ್ಲರವು. ಅಜ್ಜಿ ಹೇಳಿಕೊಟ್ಟ ಸೋಬಾನೆಯನ್ನು ನನ್ನದು ಅಂತ ಬರೆದುಕೊಳ್ಳಬಾರದು.

ಕಾಯ್ದೆ ನಮ್ಮ ಕಡೆಗಿದೆ ಸರಿ. ಆದರೆ ಜಗಳ ಬಂದಾಗ "ಇದು ನಂದು ಕಣಪ್ಪ" ಅಂದರೆ ಸಾಕೇ? ನಿಮ್ಮದು ಅಂತ ತೋರಿಸಬೇಕು. ಹಾಡು ಕಟ್ಟಿದ ದಿನವೇ ಪುಸ್ತಕದಲ್ಲಿ ಮಾತು ಬರೆಯಿರಿ. ಮೇಲೆ ಸ್ವರ ಹಾಕಿ. ಕೆಳಗೆ ನಿಮ್ಮ ಹೆಸರು, ಊರು, ತಾರೀಖು ಬರೆಯಿರಿ. ನಾಲ್ಕು ಜನರ ಮುಂದೆ ಹಾಡಿ. ಇಷ್ಟೇ ಪೂರ್ತಿ ಸಾಕ್ಷಿ ಆಗದಿರಬಹುದು. ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಹೆಬ್ಬೆಟ್ಟು ಒತ್ತುತ್ತಿದ್ದ ಕೈಯಿಂದ ಸಹಿ ಹಾಕಲು ಕಲಿತಿದ್ದೀರಿ. ಆ ಸಹಿಯನ್ನು ನಿಮ್ಮ ಹಾಡಿನ ಕೆಳಗೂ ಹಾಕಿ.

ಈಗ ನಿಮ್ಮ ಸರದಿ

ಮೇಲಿನ ಹಾಡಿಗೆ ಎರಡನೆಯ ಸಾಲು ಹೀಗಿದೆ: ಸೋಗೆಯ ಮೇಲೆ ಸದ್ದಾಯ್ತು.

ಮಾತಿನ ಎಣಿಕೆ ಹಾಕಿ ಕೊಟ್ಟಿದೆ. ಸ್ವರದ ಜಾಗ ಖಾಲಿ ಬಿಟ್ಟಿದೆ. ಸ ರಿ ಗ ಪ ದ, ಈ ಐದರಲ್ಲೇ ಹುಡುಕಿ. ಹಾರ್ಮೋನಿಯಂ ಇಲ್ಲದಿದ್ದರೆ ಬಾಯಲ್ಲೇ ಹಾಡಿ, ಆಮೇಲೆ ಪೆಟ್ಟಿಗೆ ಇರುವವರ ಹತ್ತಿರ ಹೋಗಿ ಸ್ವರ ಕೇಳಿ. ಕೊನೆಯ ಅಕ್ಷರ 'ತು' ಮಾತ್ರ ಸ ಮೇಲೆ ಬಂದು ನಿಲ್ಲಲಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಅಳಿಸಬೇಕಾಗುತ್ತದೆ.

_ , _ _ | _ , _ , | _ , _ , | ಸ , , , ||
ಸೋ , ಗೆ ಯ | ಮೇ , ಲೆ , | ಸದ್ , ದಾಯ್ , | ತು , , , ||

ಧಾಟಿ ಕಟ್ಟಿದವರ ಹೆಸರು: ........................
ಊರು: ........................
ತಾರೀಖು: ........................